ಮೈಮೇಲೆ ಬರುವ ಮೊದಲು

2024ರ ಮೇ ತಿಂಗಳಲ್ಲಿ ಪುತ್ತೂರು ಕಡೆಯ ಒಂದು ಕುಟುಂಬ ಪತ್ರಿಕೆಯಲ್ಲಿ ಮಗಳಿಗೆ ವರ ಬೇಕೆಂದು ಜಾಹೀರಾತು ಕೊಟ್ಟಿತು. ಮಗಳು ತೀರಿಕೊಂಡು ಸುಮಾರು 30 ವರ್ಷ ಕಳೆದಿತ್ತು. ಅಷ್ಟೇ ಕಾಲದ ಹಿಂದೆ ಹೋದ ಹುಡುಗ ಯಾರ ಮನೆಯಲ್ಲಾದರೂ ಇದ್ದರೆ ಪ್ರೇತ ಮದುವೆ ಮಾಡಿಸೋಣ ಎಂಬುದು ಅದರ ಒಕ್ಕಣೆ. ದೇಶದ ಸುದ್ದಿವಾಹಿನಿಗಳಿಗೆ ಅದು ಬೆರಗಿನ ಸುದ್ದಿಯಾಯಿತು. ಪುತ್ತೂರು, ಸುಳ್ಯ, ಕಡಬದ ಹಳೆಯ ಮನೆಗಳಿಗೆ ಅದರಲ್ಲಿ ಹೊಸತೇನೂ ಇರಲಿಲ್ಲ. ಆಟಿ ತಿಂಗಳ ಮಳೆಯಲ್ಲಿ ಬಾಳೆಲೆ ಹಾಕಿ, ಹೋದವರು ಇಷ್ಟಪಡುತ್ತಿದ್ದ ಪದಾರ್ಥವನ್ನೇ ಮಾಡಿ ಬಡಿಸಿ, ಅವರು ಉಣ್ಣಲಿ ಎಂದು ಬಾಗಿಲು ಎಳೆದು ಮನೆಮಂದಿ ಹೊರಗೆ ನಿಲ್ಲುವ ಊರುಗಳಿವು. ಇಲ್ಲಿ ಕುಲೆಗೂ, ಅಂದರೆ ಸತ್ತವರ ಆತ್ಮಕ್ಕೂ, ವಯಸ್ಸಾಗುತ್ತದೆ, ಪ್ರಾಯಕ್ಕೆ ಬಂದರೆ ಮದುವೆಯೂ ಆಗಬೇಕು.

ಇಂಥ ನೆಲದಲ್ಲಿ ಬೆಳೆದವರು ದೆವ್ವ ಹಿಡಿಯುವ ಸಿನಿಮಾ ನೋಡಲು ಹೋದಾಗ ಸಿಗುವುದೇನು? ಬಿಳಿ ಕಣ್ಣು, ಬಿಚ್ಚಿದ ಕೂದಲು, ಗಂಡಸಿನ ದನಿಯಲ್ಲಿ ಅಬ್ಬರಿಸುವ ಹೆಂಗಸು, ನಿಂಬೆಹಣ್ಣು ಹಿಡಿದ ಮಂತ್ರವಾದಿ. ದೆವ್ವ ಯಾರದು ಎಂಬುದು ಮಧ್ಯಂತರದ ನಂತರ ಹತ್ತು ನಿಮಿಷದ ಹಿನ್ನೆಲೆ ಕತೆಯಲ್ಲಿ ತಿಳಿಯುತ್ತದೆ. ಹಿಡಿಸಿಕೊಂಡವಳು ಯಾರು ಎಂಬುದು ಮಾತ್ರ ಕೊನೆಯವರೆಗೂ ತಿಳಿಯುವುದಿಲ್ಲ. ಅವಳು ಬರೀ ಒಂದು ಪಾತ್ರೆ. ದೆವ್ವ ತುಂಬಿಕೊಂಡಿತು, ದೆವ್ವ ಚೆಲ್ಲಿಹೋಯಿತು, ಚಿತ್ರ ಮುಗಿಯಿತು. ಕನ್ನಡದ ಹೆಚ್ಚಿನ ದೆವ್ವದ ಚಿತ್ರಗಳು ಸೋಲುವುದು ಇಲ್ಲೇ.

ಈ ತಪ್ಪಿಗೆ ಮದ್ದು ಹುಡುಕಲು ಹಾಲಿವುಡ್‌ವರೆಗೆ ಹೋಗಬೇಕಿಲ್ಲ. ಊರಿನಲ್ಲಿ ದೈವಕ್ಕೆ ನಡೆಯುವ ನೇಮದ ಕಟ್ಟನ್ನು ನೋಡಿದರೆ ಸಾಕು. ಎಣ್ಣೆಬೂಳ್ಯ (ಎಣ್ಣೆ-ವೀಳ್ಯ) ಪಡೆದ ನರ್ತಕ ಚಪ್ಪರದ ಬದಿಯಲ್ಲಿ ಕುಳಿತು ಮುಖಕ್ಕೆ ಅರದಾಳದ ಹಳದಿ ಬಳಿದುಕೊಳ್ಳುತ್ತಾನೆ. ಅವನ ಮನೆಯ ಹೆಂಗಸು ತೆಂಬರೆ ಬಾರಿಸುತ್ತಾ ಸಂಧಿ ಹೇಳುತ್ತಾಳೆ: ಈ ದೈವ ಎಲ್ಲಿ ಹುಟ್ಟಿತು, ಯಾರಿಂದ ನೋವು ತಿಂದಿತು, ಯಾವ ದಾರಿಯಲ್ಲಿ ಈ ಊರಿಗೆ ಇಳಿದು ಬಂತು. ಅದೆಲ್ಲ ಆದ ಮೇಲೆ ಕಾಲಿಗೆ ಗಗ್ಗರ. ಆಮೇಲೆ ದರ್ಶನ, ನಡುಕ, ಆರ್ಭಟ. ಗಗ್ಗರದ ಸದ್ದಿಗೆ ಮೈ ಜುಮ್ಮೆನ್ನುವುದು ಕತೆ ಮೊದಲೇ ಕಿವಿಗೆ ಬಿದ್ದಿರುವುದರಿಂದ. ನಮ್ಮ ಸಿನಿಮಾ ಈ ಕ್ರಮವನ್ನು ತಲೆಕೆಳಗು ಮಾಡಿದೆ. ಅಲ್ಲಿ ನಡುಕ ಮೊದಲು, ಸಂಧಿ ಆಮೇಲೆ.

ಆ ಸಂಧಿಗಳಲ್ಲಿ ಇರುವವರಾದರೂ ಯಾರು? ಕಾರ್ಕಳದಲ್ಲಿ ಗೊಮ್ಮಟನನ್ನು ಕಡೆದು, ಅದೇ ಅರಸನಿಂದ ಕೈಕಾಲು ಕಡಿಸಿಕೊಂಡ ಶಿಲ್ಪಿ ಕಲ್ಕುಡ, ಅವನಿಗಾಗಿ ಸೇಡಿಗೆ ನಿಂತ ತಂಗಿ ಕಲ್ಲುರ್ಟಿ. ಪಡುಮಲೆಯಲ್ಲಿ ಹುಟ್ಟಿ ಎಣ್ಮೂರಿನಲ್ಲಿ ಮಡಿದ ಕೋಟಿ-ಚೆನ್ನಯರು. ಇವರೆಲ್ಲ ಅನ್ಯಾಯ ಉಂಡ ಮನುಷ್ಯರು. ಮೈಮೇಲೆ ಬಂದಾಗ ಇವರನ್ನು ಯಾರೂ ಓಡಿಸುವುದಿಲ್ಲ, ಕೈಮುಗಿದು ಮಾತಾಡಿಸುತ್ತಾರೆ. ದೈವವೂ ನುಡಿ ಕೊಡುತ್ತದೆ. ದೈವ ಬೇರೆ, ಕುಲೆ ಬೇರೆ, ಸಿನಿಮಾದ ದೆವ್ವ ಇನ್ನೂ ಬೇರೆ ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ದೈವವನ್ನು ದೆವ್ವದ ಹಾಗೆ ಬಳಸಿದರೆ ಇಲ್ಲಿನ ಜನ ಸಿಟ್ಟಾಗುವುದು ನ್ಯಾಯವೇ. ಆದರೆ ಮೈಮೇಲೆ ಬಂದವರನ್ನು ಮಾತಾಡಿಸುವ ಈ ಕ್ರಮವನ್ನು ಕತೆ ಕಟ್ಟುವವರು ಕಲಿಯಬಹುದು.

ಕಲಿತವರು ಗೆದ್ದಿದ್ದಾರೆ. 2022ರ 'ಕಾಂತಾರ'ದಲ್ಲಿ ನಾಯಕ ಶಿವನಿಗೆ ದೈವದ ಹೆಸರು ಕೇಳಿದರೇ ಭಯ. ಕೋಲದ ನಡುವೆ ಕಾಡಿಗೆ ಓಡಿ ಮಾಯವಾದ ಅಪ್ಪ ಅವನ ನಿದ್ದೆಯನ್ನು ಕೆಡಿಸುತ್ತಲೇ ಇದ್ದಾನೆ. ಆ ಮಗನ ಭಯವನ್ನು ಇಡೀ ಚಿತ್ರದುದ್ದಕ್ಕೂ ಹೊತ್ತು ತಂದ ಕಾರಣಕ್ಕೇ ಕೊನೆಯ ಗುಳಿಗನ ಆವೇಶ ನೋಡುಗರನ್ನು ಅಲ್ಲಾಡಿಸಿತು. ಆಮೇಲಿನ ಕೋಲದಲ್ಲಿ ದೈವ ಒಂದೂ ಮಾತಾಡದೆ ಅರಣ್ಯಾಧಿಕಾರಿಯ ಕೈಯನ್ನೂ ಊರವರ ಕೈಯನ್ನೂ ಕೂಡಿಸುತ್ತದೆ. ಶಿವನಾಗಿ ನಟಿಸಿದ ರಿಷಬ್ ಶೆಟ್ಟಿಗೆ ಸಂದ ರಾಷ್ಟ್ರಪ್ರಶಸ್ತಿ ಬರೀ ಆರ್ಭಟಕ್ಕೆ ಸಂದದ್ದಲ್ಲ.

2025ರ ಜುಲೈನಲ್ಲಿ ಬಂದ ಜೆ.ಪಿ. ತುಮಿನಾಡ್ ನಿರ್ದೇಶನದ 'ಸು ಫ್ರಮ್ ಸೋ' ಇನ್ನೊಂದು ದಾರಿ ಹಿಡಿಯಿತು. ಅಶೋಕ ಎಂಬ ಯುವಕನ ಮೈಮೇಲೆ ಸೋಮೇಶ್ವರದ ಸುಲೋಚನಾ ಎಂಬವಳ ದೆವ್ವ ಬಂದಿದೆ ಎಂದು ಊರೇ ನಂಬುತ್ತದೆ. ಪುತ್ತೂರು ತಾಲೂಕಿನ ಪಾಣಾಜೆಯ ಹೆಸರನ್ನು ಹೊತ್ತ ದೀಪಕ್ ರೈ ಪಾಣಾಜೆ ಸೇರಿದಂತೆ ಕರಾವಳಿಯ ರಂಗಭೂಮಿಯಲ್ಲಿ ಪಳಗಿದವರು ಜನರನ್ನು ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತಾರೆ. ಸುಲೋಚನೆಯ ಮಗಳು ಭಾನು ಎದುರು ಬಂದಾಗ ಆ ನಗು ಗಂಟಲಲ್ಲೇ ನಿಲ್ಲುತ್ತದೆ. ಅಷ್ಟು ಹೊತ್ತು ಗೇಲಿಯ ವಸ್ತುವಾಗಿದ್ದ ಹೆಸರು ಒಬ್ಬಳ ಅಮ್ಮನದು. ಇಲ್ಲದ ದೆವ್ವವೊಂದು ಇರುವ ಹೆಣ್ಣಿನ ಸಂಕಟವನ್ನು ಊರಿನ ನಡುವೆ ತಂದು ನಿಲ್ಲಿಸಿದ್ದು ಈಚಿನ ಕನ್ನಡ ಚಿತ್ರಗಳಲ್ಲೇ ದೊಡ್ಡ ಸಾಧನೆ.

ಹೆಣ್ಣಿನ ಸಂಕಟಕ್ಕೂ ಮೈಮೇಲೆ ಬರುವುದಕ್ಕೂ ಇರುವ ನಂಟು ತುಳುನಾಡಿಗೆ ಹೊಸದಲ್ಲ. ಹಿರಿಯಡ್ಕ, ಕವತ್ತಾರುಗಳ ಸಿರಿ ಜಾತ್ರೆಯಲ್ಲಿ ಹುಣ್ಣಿಮೆಯ ರಾತ್ರಿ ನೂರಾರು ಹೆಂಗಸರ ಮೇಲೆ ಸಿರಿ ಬರುತ್ತಾಳೆ. ಸಿರಿ ಎಂದರೆ ಅವಮಾನ ಮಾಡಿದ ಗಂಡ ಕಾಂತು ಪೂಂಜನಿಗೆ ಬರ (ವಿಚ್ಛೇದನ) ಹೇಳಿ, ಅವನ ಮನೆ ಬಿಟ್ಟು ನಡೆದವಳು. ಗಂಡನ ಮನೆಯಲ್ಲಿ ಬಾಯಿ ಬಿಡಲಾರದವಳು ಆ ರಾತ್ರಿ ಬಾಯಿ ಬಿಡುತ್ತಾಳೆ, ಕುಟುಂಬ ನಿಂತು ಕೇಳುತ್ತದೆ. ಗೋಪಾಲ ನಾಯ್ಕರು ಹಾಡಿದ ಸಿರಿ ಸಂಧಿಯನ್ನು ಜಾನಪದ ವಿದ್ವಾಂಸರಾದ ಲೌರಿ ಹಾಂಕೊ, ವಿವೇಕ ರೈ, ಚಿನ್ನಪ್ಪ ಗೌಡರು ಬರೆದಿಟ್ಟಾಗ ಅದು 15,683 ಸಾಲುಗಳಷ್ಟಾಯಿತು. ಒಬ್ಬ ಹೆಣ್ಣಿನ ಕತೆಗೆ ಅಷ್ಟು ಸಾಲು ಕೊಟ್ಟ ನಾಡಿದು. ಸಿನಿಮಾದವರು ಹತ್ತು ನಿಮಿಷದ ಹಿನ್ನೆಲೆಯಲ್ಲಿ ಮುಗಿಸಿದರೆ ಹೇಗೆ?

2004ರ 'ಆಪ್ತಮಿತ್ರ' ಇಂದಿಗೂ ಹಳತಾಗದಿರುವುದಕ್ಕೆ ಕಾರಣವೂ ಇದೇ. ಗಂಗಾ ನಾಗವಲ್ಲಿಯಾಗುವ ಮೊದಲು ಸಾಕಷ್ಟು ಹೊತ್ತು ಗಂಗಾ ಆಗಿಯೇ ಇರುತ್ತಾಳೆ, ಮುಚ್ಚಿದ ಕೋಣೆಯ ಬಗ್ಗೆ ಕುತೂಹಲ ತಡೆಯಲಾರದ ಹೊಸ ಸೊಸೆಯಾಗಿ. ಗಂಗಾ ಪಾತ್ರದ ಸೌಂದರ್ಯ ಮಂಚ ಎತ್ತುವ ದೃಶ್ಯ ನೆನಪಿನಲ್ಲಿ ಉಳಿದಿರುವುದು ಅದನ್ನು ಎತ್ತಿದ ಕೈ ಪರಿಚಿತವಾದದ್ದರಿಂದ. 1973ರ 'ದಿ ಎಕ್ಸಾರ್ಸಿಸ್ಟ್' ಕೂಡ ಹಾಗೆಯೇ. ಮಗಳನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಒಯ್ಯುವ ತಾಯಿ, ತನ್ನ ಅಮ್ಮನನ್ನು ಒಂಟಿಯಾಗಿ ಸಾಯಲು ಬಿಟ್ಟೆ ಎಂದು ಕೊರಗುವ ಪಾದ್ರಿ. ಅದನ್ನು ನಕಲು ಮಾಡಿದವರು ತಿರುಗುವ ಕತ್ತನ್ನು ತಂದರು, ಪಾದ್ರಿಯ ಕೊರಗನ್ನು ಬಿಟ್ಟುಬಂದರು.

ಪಾತ್ರವಿಲ್ಲದ ದೆವ್ವದ ಚಿತ್ರದಿಂದ ಆಗುವ ಹಾನಿ ಥಿಯೇಟರಿನೊಳಗೇ ಮುಗಿಯುವುದಿಲ್ಲ. ದೆವ್ವ ಬಿಡಿಸುವುದು ತೆರೆಯ ಹೊರಗೆ ಜೀವವನ್ನೇ ತೆಗೆದದ್ದಿದೆ. ಜರ್ಮನಿಯ ಅನ್ನೆಲೀಸ್ ಮಿಶೆಲ್ ಎಂಬ ಯುವತಿಗೆ 67 ಬಾರಿ ದೆವ್ವ ಬಿಡಿಸುವ ವಿಧಿ ನಡೆಯಿತು. 1976ರಲ್ಲಿ ಅವಳು ಅನ್ನ-ನೀರಿಲ್ಲದೆ ಸೊರಗಿ ಸತ್ತಳು. ತಂದೆತಾಯಿಗೂ ಇಬ್ಬರು ಪಾದ್ರಿಗಳಿಗೂ ಶಿಕ್ಷೆಯಾಯಿತು. ಕರ್ನಾಟಕದಲ್ಲಿ 2017ರ ಮೌಢ್ಯ ನಿಷೇಧ ಕಾಯ್ದೆ, ದೆವ್ವ ಬಿಡಿಸುತ್ತೇನೆಂದು ಕಟ್ಟಿಹಾಕಿ ಹೊಡೆಯುವುದನ್ನು ಅಪರಾಧ ಎನ್ನುತ್ತದೆ. ತೆರೆಯ ಮೇಲೆ ಅದೇ ಹೊಡೆತಕ್ಕೆ ಚಪ್ಪಾಳೆ ಬೀಳುವುದು ಹೊಡೆಸಿಕೊಳ್ಳುವವಳು ನಮಗೆ ಯಾರೂ ಅಲ್ಲ ಎಂಬಂತೆ ಚಿತ್ರ ಕಟ್ಟಿದಾಗ.

ಪುತ್ತೂರಿನ ಆ ಜಾಹೀರಾತಿನಲ್ಲಿ ಒಂದು ಒಳ್ಳೆಯ ಚಿತ್ರ ಮಲಗಿದೆ. ಅದಕ್ಕೆ ಮಂತ್ರವಾದಿ ಬೇಡ, ಬಿಳಿ ಕಣ್ಣೂ ಬೇಡ. ಮೂವತ್ತು ವರ್ಷ ಆ ಮಗುವಿನ ವಯಸ್ಸನ್ನು ಮನೆಯಲ್ಲಿ ಲೆಕ್ಕ ಇಟ್ಟವರು ಯಾರು ಎಂಬಲ್ಲಿಂದ ಕತೆ ಶುರುವಾಗಲಿ. ಮದುವೆಯ ಸೀರೆಗೆ ಬಣ್ಣ ಆರಿಸುವಾಗ ಅಂಗಡಿಯವನು, ಹುಡುಗಿ ಹೇಗಿದ್ದಾಳೆ, ಬೆಳ್ಳಗೋ ಕಪ್ಪೋ ಎಂದು ಕೇಳಿದರೆ ಆ ಅಮ್ಮ ಏನು ಹೇಳಬೇಕು?