ಪಾಚಿಯ ತಲೆಗೆ ಕಟ್ಟಿದ ಕೊಲೆ

2022ರ ಬೇಸಿಗೆಯಲ್ಲಿ ಪೋಲೆಂಡ್ ಮತ್ತು ಜರ್ಮನಿಯ ಓಡರ್ ನದಿಯಲ್ಲಿ ಸುಮಾರು 360 ಟನ್ ಮೀನು ಸತ್ತು ತೇಲಿತು. ಪಾದರಸ ಇರಬೇಕು ಎಂದರು, ಕೀಟನಾಶಕ ಎಂದರು. ಸುಳಿವು ಕೊಟ್ಟವರಿಗೆ ಪೋಲೆಂಡ್ ಹತ್ತು ಲಕ್ಷ ಝ್ಲೋಟಿ ಬಹುಮಾನ ಸಾರಿತು. ಇಬ್ಬರು ಹಿರಿಯ ಅಧಿಕಾರಿಗಳ ತಲೆದಂಡವೂ ಆಯಿತು. ಕೊನೆಗೆ ಸಿಕ್ಕಿಬಿದ್ದದ್ದು ಪ್ರಿಮ್ನೀಸಿಯಂ ಪಾರ್ವಮ್ ಎಂಬ ಬರಿಗಣ್ಣಿಗೆ ಕಾಣದ ಪಾಚಿ. ಪಾಚಿ ತಾನೇ, ಪ್ರಕೃತಿಯ ಆಟ ಎಂದು ಕೈತೊಳೆದುಕೊಳ್ಳಲು ಇದಕ್ಕಿಂತ ಒಳ್ಳೆಯ ಆರೋಪಿ ಬೇಕೆ?

ಪಾಚಿ ಕೊಂದದ್ದು ನಿಜ. ಅದು ಬಿಡುವ ಪ್ರಿಮ್ನೀಸಿನ್ ವಿಷ ಜೀವಕೋಶದ ಪೊರೆಯನ್ನೇ ತೂತು ಮಾಡುತ್ತದೆ. ಮೀನಿನ ಕಿವಿರಿನಲ್ಲಿ ರಕ್ತಕ್ಕೂ ನೀರಿಗೂ ನಡುವೆ ಇರುವುದು ತೆಳುವಾದ ಕೋಶಗಳ ಪದರ ಮಾತ್ರ. ಅದು ಹರಿದರೆ ಲವಣಗಳ ಲೆಕ್ಕ ತಪ್ಪುತ್ತದೆ, ಕಿವಿರಿನಿಂದ ರಕ್ತ ಒಸರುತ್ತದೆ. ಆ ಆಗಸ್ಟ್‌ನಲ್ಲಿ ಫ್ರಾಂಕ್‌ಫರ್ಟ್ ಆನ್ ಡೆರ್ ಓಡರ್ ಊರಿನ ಮಾಪನ ಕೇಂದ್ರದಲ್ಲಿ ನೀರಿನ ಆಮ್ಲಜನಕ ಇಳಿದಿರಲಿಲ್ಲ, ಏರಿತ್ತು. ಉಸಿರು ತುಂಬಿದ ನೀರಿನಲ್ಲೇ ಮೀನು ಉಸಿರುಗಟ್ಟಿ ಸತ್ತವು. ನಮ್ಮಲ್ಲೂ ಕೆರೆಯಲ್ಲಿ ಮೀನು ಸತ್ತೊಡನೆ ‘ಆಮ್ಲಜನಕ ಕೊರತೆ’ ಎಂದು ಷರಾ ಬರೆದು ಕಡತ ಮುಚ್ಚುವವರು ಇದನ್ನು ಓದಬೇಕು.

ಮನುಷ್ಯರಿಗೇನೂ ಆಗಿಲ್ಲವಲ್ಲ ಎನ್ನುವ ಸಮಾಧಾನವೂ ಅರ್ಧ ಸತ್ಯ. ಈ ವಿಷ ಪ್ರಯೋಗಾಲಯದಲ್ಲಿ ಸಸ್ತನಿಗಳ ಕೆಂಪು ರಕ್ತಕಣಗಳನ್ನೂ ಒಡೆಯುತ್ತದೆ. ನಮ್ಮನ್ನು ಕಾಯುವುದು ಚರ್ಮ, ಸರ್ಕಾರವಲ್ಲ. ಚರ್ಮವನ್ನು ದಾಟಿ ಒಳಹೊಕ್ಕರೆ ಏನಾಗುತ್ತದೆಂಬುದನ್ನು ಇನ್ನೊಂದು ಪಾಚಿವಿಷ ತೋರಿಸಿದೆ. 1996ರಲ್ಲಿ ಬ್ರೆಜಿಲ್‌ನ ಕರುವಾರು ಪಟ್ಟಣದಲ್ಲಿ ಡಯಾಲಿಸಿಸ್ ನೀರಿನೊಂದಿಗೆ ಮೈಕ್ರೊಸಿಸ್ಟಿನ್ ರಕ್ತಕ್ಕೆ ಸೇರಿತು. ಪಿತ್ತಾಮ್ಲ ಸಾಗಿಸುವ ದಾರಿಯಲ್ಲೇ ಯಕೃತ್ತಿನ ಕೋಶಕ್ಕೆ ನುಗ್ಗಿ, ಅಲ್ಲಿನ ಕಿಣ್ವಗಳನ್ನು ಕಟ್ಟಿಹಾಕಿ, ಕೋಶದ ಚೌಕಟ್ಟನ್ನೇ ಕುಸಿಯುವಂತೆ ಮಾಡುವ ವಿಷ ಅದು. ಐವತ್ತಕ್ಕೂ ಹೆಚ್ಚು ರೋಗಿಗಳು ಸತ್ತರು.

ಓಡರ್‌ಗೆ ಮರಳೋಣ. ಪ್ರಿಮ್ನೀಸಿಯಂ ಉಪ್ಪುಮಿಶ್ರಿತ ನೀರಿನ ಜೀವಿ. ಅದರ ತವರು ಅಳಿವೆಗಳು. ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗೆ ಅದು ಸೊಕ್ಕಿ ಬೆಳೆಯಲು ಉಪ್ಪು ಎಲ್ಲಿಂದ ಬಂತು? ಪೋಲೆಂಡ್‌ನ ಸೈಲೀಸಿಯಾದ ಗಣಿಗಳು ಸುರಿಯುವ ಉಪ್ಪುನೀರಿನಿಂದ. ಅದೂ ಕದ್ದುಮುಚ್ಚಿ ಅಲ್ಲ, ಪರವಾನಗಿ ಪಡೆದು. ಬಿಸಿಲು, ಬತ್ತಿದ ಹರಿವು, ರಂಜಕ, ಸಾರಜನಕ ಎಲ್ಲವೂ ಕೈಜೋಡಿಸಿದವು, ಒಪ್ಪಿದೆ. ಆದರೆ ಬಿಸಿಲಿಗೆ ಪರವಾನಗಿ ಕೊಟ್ಟವರಿಲ್ಲ. ಬೇಸಿಗೆಯಲ್ಲಿ ಹರಿವು ಇಳಿದಾಗಲೂ ಅಷ್ಟೇ ಉಪ್ಪು ಬಿಡಬಹುದೆಂದು ಸಹಿ ಹಾಕಿದ ಕೈಗಳಿವೆ.

2024ರ ಆಗಸ್ಟ್‌ನಲ್ಲಿ ಓಡರ್ ಸೇರುವ ಗ್ಲಿವಿತ್ಸೆ ಕಾಲುವೆ ಬಳಿಯ ಜಲಾಶಯದಲ್ಲಿ ಮತ್ತೆ ಮೀನು ಟನ್‌ಗಟ್ಟಲೆ ಸತ್ತವು. ಆಡಳಿತ ಕಂಡುಕೊಂಡ ಮದ್ದು, ಪಾಚಿ ಸಾಯಲೆಂದು ನೀರಿಗೆ ಹೈಡ್ರೋಜನ್ ಪೆರಾಕ್ಸೈಡ್ ಸುರಿಯುವುದು. ಗಣಿಯ ಕೊಳವೆಗಳಿಂದ ಉಪ್ಪುನೀರು ಬರುತ್ತಲೇ ಇದೆ.