ಹಗ್ಗದ ಇನ್ನೊಂದು ತುದಿ

ನಮ್ಮ ಮೇಜಿನ ಮೇಲಿದ್ದ ಫೋಟೋ ಪುಸ್ತಕವೊಂದನ್ನು ತಿರುವಿ ಹಾಕಿದ ಸ್ನೇಹಿತರೊಬ್ಬರು ನಕ್ಕುಬಿಟ್ಟರು. "ಇಡೀ ಪುಸ್ತಕದಲ್ಲಿ ಬರೀ ನಾಯಿಗಳು, ಅದೂ ಕಪ್ಪು ಬಿಳುಪಿನಲ್ಲಿ! ದೇಶದಲ್ಲಿ ಇಷ್ಟೆಲ್ಲ ನಡೆಯುತ್ತಿರುವಾಗ ಕಥೆ ಬರೆಯುವ ನಿಮಗೆ ನೋಡಲು ಮನುಷ್ಯರು ಸಿಗಲಿಲ್ಲವೇ?" ಎಂದರು. ಅವರು ಸಜ್ಜನರು, ಓದಿಕೊಂಡವರು, ಎಲ್ಲ ಚಳವಳಿಗಳಲ್ಲೂ ಮುಂದೆ ನಿಲ್ಲುವವರು. ಅವರ ಪ್ರಶ್ನೆ ಅವರೊಬ್ಬರದ್ದಲ್ಲ ಎಂಬುದು ನಮಗೆ ಗೊತ್ತು. ಆದ್ದರಿಂದ ಉತ್ತರವೂ ಅವರೊಬ್ಬರಿಗೆ ಸೀಮಿತವಾಗದಿರಲಿ.

ಆ ಪುಸ್ತಕ ಎಲಿಯಟ್ ಅರ್ವಿಟ್ ಎಂಬ ಅಮೆರಿಕದ ಛಾಯಾಗ್ರಾಹಕರದ್ದು. ರಷ್ಯಾ ಮೂಲದ ಯಹೂದಿ ದಂಪತಿಗಳ ಮಗನಾಗಿ 1928ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿ, ಇಟಲಿಯ ಮಿಲಾನಿನಲ್ಲಿ ಬೆಳೆದು, ಫ್ಯಾಸಿಸಂ ತಲೆಯೆತ್ತಿದ್ದ ಕಾಲದಲ್ಲಿ, 1939ರಲ್ಲಿ, ಹೆತ್ತವರೊಂದಿಗೆ ಅಮೆರಿಕ ಸೇರಿದವರು. 1953ರಲ್ಲಿ ಮ್ಯಾಗ್ನಂ ಎಂಬ ಹೆಸರಾಂತ ಛಾಯಾಗ್ರಾಹಕರ ಕೂಟಕ್ಕೆ ಬಂದರು. 2023ರ ನವೆಂಬರಿನಲ್ಲಿ ತೀರಿಕೊಂಡರು. ಹೊಟ್ಟೆಪಾಡಿನ ಕೆಲಸಕ್ಕೆ ಬಣ್ಣದ ಫಿಲ್ಮು, ತನ್ನ ಮನಸ್ಸಿನ ಚಿತ್ರಗಳಿಗೆ ಕಪ್ಪು ಬಿಳುಪು ಎಂಬುದು ಅವರ ಪದ್ಧತಿಯಾಗಿತ್ತು. ನಾಯಿ ತನ್ನತ್ತ ತಿರುಗಲೆಂದು ಬೀದಿಯಲ್ಲಿ ನಿಂತು ತಾವೇ ಬೊಗಳುತ್ತಿದ್ದರಂತೆ.

ಅವರ ಒಂದು ಚಿತ್ರ ನೋಡಿ. ನ್ಯೂಯಾರ್ಕ್, 1974. ನಡುವೆ ಒಬ್ಬ ಮಹಿಳೆಯ ಎತ್ತರದ ಬೂಟುಗಳು. ಒಂದು ಬದಿಯಲ್ಲಿ ಟೋಪಿ, ಕೋಟು ತೊಟ್ಟ ಪುಟ್ಟ ಚಿವಾವಾ ನಾಯಿ. ಇನ್ನೊಂದು ಬದಿಯಲ್ಲಿ ಮತ್ತೆರಡು ಉದ್ದನೆಯ ಕಾಲುಗಳು. ಮೊದಲ ನೋಟಕ್ಕೆ ಅವೂ ಯಾರೋ ಮನುಷ್ಯರ ಕಾಲುಗಳೆನಿಸುತ್ತವೆ. ಮತ್ತೊಮ್ಮೆ ನೋಡಿದರೆ ಅವು ಗ್ರೇಟ್ ಡೇನ್ ಜಾತಿಯ ದೊಡ್ಡ ನಾಯಿಯ ಮುಂಗಾಲುಗಳು. ಚಿತ್ರದಲ್ಲಿ ಮುಖವಿರುವುದು ಆ ಪುಟ್ಟ ನಾಯಿಗೆ ಮಾತ್ರ. ಮನುಷ್ಯರಾದ ನಾವು ಬರೀ ಚರ್ಮದ ಬೂಟು! ಇನ್ನೊಂದು ಚಿತ್ರ 2000ದ್ದು. ಮೆಟ್ಟಿಲ ಮೇಲೆ ಕುಳಿತ ಒಬ್ಬನ ತೊಡೆಯೇರಿದ ಬುಲ್‌ಡಾಗ್ ಅವನ ಮುಖವನ್ನು ಪೂರ್ತಿ ಮರೆಮಾಡಿದೆ. ಮನುಷ್ಯನ ಮೈಗೆ ನಾಯಿಯ ತಲೆ ಇಟ್ಟಂತೆ ಕಾಣುತ್ತದೆ. ನೋಡಿದವರು ಮೊದಲು ನಗುತ್ತಾರೆ. ಆಮೇಲೆ, ಈ ಇಬ್ಬರಲ್ಲಿ ಯಾರು ಯಾರನ್ನು ಸಾಕುತ್ತಿದ್ದಾರೆ ಎಂಬ ಅನುಮಾನ ಹುಟ್ಟುತ್ತದೆ.

ಇದೆಲ್ಲ ಉಳ್ಳವರ ಶೋಕಿ ಎನ್ನುವವರಿಗೆ ಅದೇ ಕ್ಯಾಮೆರಾದ ಇನ್ನೊಂದು ಚಿತ್ರವನ್ನು ತೋರಿಸಬೇಕು. 1950, ಉತ್ತರ ಕೆರೊಲಿನಾ. ಗೋಡೆಗೆ ತಾಗಿ ಎರಡು ಕುಡಿಯುವ ನೀರಿನ ನಲ್ಲಿಗಳು. ಒಂದರ ಮೇಲೆ ಬಿಳಿಯರಿಗೆ ಎಂಬ ಫಲಕ, ಅದು ದೊಡ್ಡದು, ಸುಸಜ್ಜಿತವಾದದ್ದು. ಇನ್ನೊಂದರ ಮೇಲೆ ವರ್ಣೀಯರಿಗೆ ಎಂಬ ಫಲಕ, ಅದೊಂದು ಸಣ್ಣ ತೊಟ್ಟಿ. ಅದರ ಮೇಲೆ ಕಪ್ಪು ಮನುಷ್ಯನೊಬ್ಬ ಬಾಗಿದ್ದಾನೆ. ಜನಾಂಗಭೇದದ ವಿರುದ್ಧ ಬಂದ ಎಷ್ಟೋ ಪುಸ್ತಕಗಳಲ್ಲಿ ಈ ಚಿತ್ರ ಅಚ್ಚಾಗಿದೆ. ನಮ್ಮ ಸ್ನೇಹಿತರಿಗೂ ಗೊತ್ತಿತ್ತು. ಅದನ್ನು ತೆಗೆದವರೂ ಈ 'ನಾಯಿ ಫೋಟೋದವರೇ' ಎಂಬುದಷ್ಟೇ ಗೊತ್ತಿರಲಿಲ್ಲ.

ನಾಯಿಯ ಚಿತ್ರ ತೆಗೆಯುವವನು ಬೇರೆ, ನೀರಿನ ತೊಟ್ಟಿಯ ಚಿತ್ರ ತೆಗೆಯುವವನು ಬೇರೆ ಎಂದು ನಾವು ಭಾವಿಸಿದ್ದೇವೆ. ಇದು ತಪ್ಪು ಎಂಬುದೇ ನಮ್ಮ ವಾದ. ನಾಯಿಯ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಬೇಕಾದರೆ ಬೆನ್ನು ಬಗ್ಗಬೇಕು, ಮೊಣಕಾಲು ನೆಲಕ್ಕೆ ತಾಗಬೇಕು. ಕೆಳಗಿನಿಂದ ಲೋಕ ಹೇಗೆ ಕಾಣುತ್ತದೆ ಎಂದು ಒಮ್ಮೆ ನೋಡಿದ ಕಣ್ಣಿಗೆ, ತಗ್ಗಿನಲ್ಲಿಟ್ಟ ಇನ್ನೊಂದು ತೊಟ್ಟಿಯೂ ಕಾಣುತ್ತದೆ. ನಾಯಿ ಚಿತ್ರ ತೆಗೆದವರೆಲ್ಲ ನ್ಯಾಯವಂತರು ಎಂದು ನಾವು ಹೇಳುತ್ತಿಲ್ಲ. ನೋಡುವ ಅಭ್ಯಾಸ ಒಂದೇ, ಅದನ್ನು ಎರಡಾಗಿ ಸೀಳಬೇಡಿ ಎನ್ನುತ್ತಿದ್ದೇವೆ, ಅಷ್ಟೇ.

ಇನ್ನೂ ಒಂದು ಚಿತ್ರವಿದೆ. ಅದು ಅರ್ವಿಟ್ ತೆಗೆದದ್ದಲ್ಲ. 1963ರ ಮೇ 3ರಂದು ಅಮೆರಿಕದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಕಪ್ಪು ಜನರ ಮೆರವಣಿಗೆಯ ಮೇಲೆ ಪೊಲೀಸರು ನಾಯಿಗಳನ್ನು ಛೂ ಬಿಟ್ಟರು. ಬಿಲ್ ಹಡ್ಸನ್ ಎಂಬ ಪತ್ರಿಕಾ ಛಾಯಾಗ್ರಾಹಕ ಒಂದು ಕ್ಷಣ ಹಿಡಿದಿಟ್ಟರು. ಕಪ್ಪು ಕನ್ನಡಕದ ಪೊಲೀಸಿನವನೊಬ್ಬ ಶಾಲಾ ಹುಡುಗನ ಅಂಗಿ ಹಿಡಿದಿದ್ದಾನೆ, ನಾಯಿ ಹುಡುಗನ ಹೊಟ್ಟೆಗೆ ಬಾಯಿ ಹಾಕಿದೆ. ಮರುದಿನ ಪತ್ರಿಕೆಗಳಲ್ಲಿ ಬಂದ ಆ ಚಿತ್ರ ಅಮೆರಿಕವನ್ನು ನಾಚಿಸಿತು. 1964ರಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಒಂದು ಚಿತ್ರದಿಂದಲೇ ಬಂತೆನ್ನಲಾಗದು, ಆದರೆ ಇಂತಹ ಚಿತ್ರಗಳಿಲ್ಲದಿದ್ದರೆ ಆ ಹೋರಾಟಕ್ಕೆ ಅಷ್ಟು ಕಣ್ಣುಗಳು ಸಿಗುತ್ತಿರಲಿಲ್ಲ.

ಅದೂ ನಾಯಿ ಮತ್ತು ಅದರ ಸಂಗಾತಿಯ ಕಪ್ಪು ಬಿಳುಪು ಚಿತ್ರವೇ ಅಲ್ಲವೇ? ಅಲ್ಲಿ ನಾಯಿಯ ಮೇಲೆ ಸಿಟ್ಟು ಬರುವುದಿಲ್ಲ. ಕಣ್ಣು ಹಗ್ಗವನ್ನು ಹಿಡಿದು ಮೇಲೆ ಹತ್ತಿ, ಅದನ್ನು ಹಿಡಿದ ಕೈಯನ್ನು ಹುಡುಕುತ್ತದೆ. ಒಳ್ಳೆಯ ನಾಯಿ ಚಿತ್ರ ಯಾವತ್ತೂ ತೋರಿಸುವುದು ಹಗ್ಗದ ಇನ್ನೊಂದು ತುದಿಯನ್ನು.

ಈಗ ನಮ್ಮ ಮನೆಯೊಳಗಿನ ಆಕ್ಷೇಪಕ್ಕೆ ಬರೋಣ. ನಾಯಿ ನಜೀಸು, ಅದರ ಚಿತ್ರವೇಕೆ ನಿಮಗೆ ಎಂದು ಕೇಳುವ ಹಿರಿಯರು ನಮ್ಮಲ್ಲಿದ್ದಾರೆ. ನಾಯಿ ನೆಕ್ಕಿದ ಪಾತ್ರೆಯನ್ನು ತೊಳೆಯುವ ವಿಧಿಯನ್ನು ನಾವೂ ಬಾಲ್ಯದಲ್ಲೇ ಕಲಿತವರು. ಶಾಫಿ, ಹನಫಿ ಪಂಥದವರು ಅದರ ಜೊಲ್ಲನ್ನು ಅಶುದ್ಧವೆಂದರೆ, ಮಾಲಿಕಿಗಳು ನಾಯಿಯನ್ನು ಶುದ್ಧವೆನ್ನುತ್ತಾರೆ. ಆ ಚರ್ಚೆ ಉಲಮಾಗಳದ್ದು. ಆದರೆ ಪಾತ್ರೆ ತೊಳೆಯುವ ವಿಧಿಯನ್ನು ಪ್ರಾಣಿಯನ್ನೇ ತಿರಸ್ಕರಿಸುವ ವಿಧಿಯಾಗಿ ಮಾಡಿದವರು ಯಾರು? ಬೇಟೆನಾಯಿ ಹಿಡಿದು ತಂದದ್ದನ್ನು ತಿನ್ನಲು ಕುರ್‌ಆನ್ ಅನುಮತಿಸಿದೆ. ಗುಹಾವಾಸಿಗಳಾದ ಅಸ್‌ಹಾಬುಲ್ ಕಹ್ಫ್‌ರ ಕಥೆಯಲ್ಲಿ ಹೊಸ್ತಿಲಲ್ಲಿ ಮುಂಗಾಲು ಚಾಚಿ ಮಲಗಿದ ನಾಯಿಯಿದೆ. ಅವರು ಎಷ್ಟು ಜನ ಎಂದು ಎಣಿಸುವಾಗಲೆಲ್ಲ ನಾಯಿಯನ್ನೂ ಸೇರಿಸಿಯೇ ಎಣಿಕೆ. ಬಾಯಾರಿದ ನಾಯಿಗಾಗಿ ಬಾವಿಗಿಳಿದು ಪಾದರಕ್ಷೆಯಲ್ಲಿ ನೀರು ತುಂಬಿ ತಂದವನ ಪಾಪ ಮನ್ನಿಸಲ್ಪಟ್ಟ ಹದೀಸನ್ನು ನಮ್ಮ ಮಕ್ಕಳೂ ಹೇಳುತ್ತಾರೆ. ಕನ್ನಡ ಶಾಲೆಯಲ್ಲಿ, ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲೊಲ್ಲೆನೆಂದ ಧರ್ಮರಾಯನ ಕಥೆ ಕೇಳಿದಾಗ ನಮಗೆ ಅದು ಪರಕೀಯವೆನಿಸಲೇ ಇಲ್ಲ. ಉರ್ದುವಿನಲ್ಲಿ ಮಂಟೋ ಬರೆದ 'ಟಿಟ್ವಾಲದ ನಾಯಿ' ಎರಡು ಸೈನ್ಯಗಳ ನಡುವೆ ಸಿಕ್ಕಿ, ನೀನು ಹಿಂದೂಸ್ತಾನಿಯೋ ಪಾಕಿಸ್ತಾನಿಯೋ ಎಂಬ ಪ್ರಶ್ನೆಗೆ ಪ್ರಾಣವನ್ನೇ ತೆತ್ತಿತು. ಅದನ್ನು ಓದಿದ ಮೇಲೂ ನಾಯಿ ಎಂಬುದು ನಮಗೆ ಬೈಗುಳವಾಗಿ ಮಾತ್ರ ಉಳಿದಿದ್ದರೆ, ತಪ್ಪು ನಾಯಿಯದ್ದಲ್ಲ.

ಸ್ನೇಹಿತರ ಮಾತಿನಲ್ಲಿ ಒಂದು ಸತ್ಯವಿದೆ, ಅದನ್ನು ಒಪ್ಪದೆ ಮುಂದೆ ಹೋಗಲಾಗದು. ನಾಯಿಗೆ ನೀರು ಕೊಟ್ಟು ಮನುಷ್ಯನಿಗೆ ಕೊಡದ ನಾಡು ನಮ್ಮದು. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ತಮ್ಮ ಜನರೊಂದಿಗೆ ಮಹಾಡಿನ ಚೌದಾರ್ ಕೆರೆಗಿಳಿದು ನೀರು ಕುಡಿದರು. ಪ್ರಾಣಿಗಳಿಗೆ, ಅನ್ಯಧರ್ಮೀಯರಿಗೆ ಇಲ್ಲದ ತಡೆ ಅಲ್ಲಿ ಅಸ್ಪೃಶ್ಯರಿಗಿತ್ತು. 1934ರಲ್ಲಿ ಅವರು ದೌಲತಾಬಾದ್ ಕೋಟೆಗೆ ಹೋದಾಗ, ಅಲ್ಲಿಯ ಕೊಳದಲ್ಲಿ ಕೈಕಾಲು ತೊಳೆದದ್ದಕ್ಕೆ ಕೆರೆ ಮೈಲಿಗೆಯಾಯಿತೆಂದು ಕೂಗಾಡಿದವರು ಮುಸ್ಲಿಮರು. ಅದು ರಂಜಾನ್ ತಿಂಗಳು. ನಾಯಿಗೆ ನೀರುಣಿಸಿದವನ ಹದೀಸನ್ನು ಆ ತಿಂಗಳಲ್ಲಿ ಅವರೂ ಕೇಳಿರಲಾರರೇ? ಆದ್ದರಿಂದ ನಾಯಿಯನ್ನು ಪ್ರೀತಿಸುವುದೇ ಮನುಷ್ಯತ್ವದ ಪ್ರಮಾಣಪತ್ರ ಎಂದು ನಾವು ಹೇಳಲಾರೆವು. ನಾಯಿಗೆ ಹಾಲೆರೆದು ಮನೆಗೆಲಸದವಳಿಗೆ ಬೇರೆ ಲೋಟ ಇಡುವವರನ್ನು ನಾವೂ ಕಂಡಿದ್ದೇವೆ. ಆದರೆ ಆ ಬೇರೆ ಲೋಟವನ್ನು ತೆಗೆಯಬೇಕಾದರೆ ನಾಯಿಯ ಬಟ್ಟಲನ್ನು ಒದೆಯಬೇಕಾಗಿಲ್ಲ. ಒಂದೇ ಚಿತ್ರದಲ್ಲಿ ಬಟ್ಟಲೂ ಲೋಟವೂ ಕಾಣುವಂತೆ ತೆಗೆಯುವವರು ನಮಗೆ ಬೇಕು.

ನಮ್ಮ ನಿಜವಾದ ಜಗಳ ಇರುವುದು ಮುದ್ದಿನ ಚಿತ್ರಗಳ ಜೊತೆ. ಇಂದು ಮೊಬೈಲಿನಲ್ಲಿ, ಕ್ಯಾಲೆಂಡರಿನಲ್ಲಿ ನಾಯಿಮರಿಗಳಿಗೆ ಬರವಿಲ್ಲ. ಕೆಂಪು ರಿಬ್ಬನ್ನು, ಹಸಿರು ಹುಲ್ಲು, ನೀಲಿ ಬುಟ್ಟಿ. ಅಲ್ಲಿ ನಾಯಿ ಬೊಂಬೆ, ಅದನ್ನು ಸಾಕುವವರು ಯಾರೋ ಗೊತ್ತಿಲ್ಲ, ಅದಕ್ಕೆ ಊರಿಲ್ಲ, ಹಸಿವಿಲ್ಲ. ಕಪ್ಪು ಬಿಳುಪು ಆ ರಿಬ್ಬನ್ನನ್ನು ಕಿತ್ತುಹಾಕುತ್ತದೆ. ಆಗ ಉಳಿಯುವುದು ನಾಯಿಯ ರೋಮ, ಮುದುಕನ ಕೋಟಿನ ಹಳೆಯ ಉಣ್ಣೆ, ಸವೆದ ಹಗ್ಗ, ಇಬ್ಬರ ಕಣ್ಣುಗಳ ದಣಿವು.

ಇದು ಹೊರಗಿನವರ ಕಲೆ, ನಮಗೇಕೆ ಎನ್ನುವವರು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಆತಕೂರು ಕಲ್ಲಿನ ಮುಂದೆ ನಿಲ್ಲಬೇಕು. ಅದು ಕ್ರಿ.ಶ. 949ರ ಕಾಲದ ಕಲ್ಲು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನಿಗೆ ಬೇಕಾದ್ದನ್ನು ಕೇಳೆಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟು, ಕಾದಾಟವನ್ನು ಕಲ್ಲಿನಲ್ಲೇ ಕೆತ್ತಿಸಿದರು. ರಾಜರ ಹೆಸರಿರುವ ಕಲ್ಲಿನಲ್ಲಿ ನಾಯಿಯ ಹೆಸರೂ ಇದೆ. ಅದರಲ್ಲೂ ಬಣ್ಣವಿಲ್ಲ, ಬರೀ ಬೆಳಕು ಮತ್ತು ನೆರಳು.

ಸ್ನೇಹಿತರಿಗೆ ಇಷ್ಟನ್ನೂ ಹೇಳಿ ಪುಸ್ತಕವನ್ನು ಅವರ ಕೈಗೇ ಕೊಟ್ಟೆವು. ಮನೆಗೆ ಒಯ್ದು ಒಂದು ವಾರ ಇಟ್ಟುಕೊಂಡು ನೋಡಿ, ಆಮೇಲೆ ಜಗಳಕ್ಕೆ ಬನ್ನಿ ಎಂದೆವು. ತಿಂಗಳು ಕಳೆಯಿತು. ಪುಸ್ತಕ ಇನ್ನೂ ಹಿಂದಿರುಗಿಲ್ಲ. ನಾವೂ ಕೇಳಿಲ್ಲ.