ಮೂರು ಪ್ರತಿಗಳಿದ್ದರೆ ಸಾಕೇ?

ಪತ್ರಿಕೆಯ ಮೂಲೆಯಲ್ಲಿ ‘ನಾಳೆ ವಿದ್ಯುತ್ ವ್ಯತ್ಯಯ’ ಎಂಬ ಪುಟ್ಟ ಪ್ರಕಟಣೆ ಕಂಡೊಡನೆ ನಾವು ತೊಟ್ಟಿಗೆ ನೀರು ತುಂಬಿಸಿ, ಮಿಕ್ಸಿಯ ಕೆಲಸ ಮುಗಿಸಿಕೊಳ್ಳುತ್ತೇವೆ. ನಮ್ಮ ಪಹಣಿ, ಪಿಂಚಣಿ, ಬ್ಯಾಂಕ್ ಖಾತೆಗಳನ್ನು ಕಾಯುವ ಸರ್ವರ್‌ಗಳಿಗೂ ಇಂಥದೊಂದು ಪೂರ್ವಸಿದ್ಧತೆ ಬೇಕೆಂಬುದು ಮಾತ್ರ ಅವುಗಳನ್ನು ನಡೆಸುವವರಿಗೇ ಅನೇಕ ಸಲ ಹೊಳೆಯುವುದಿಲ್ಲ.

ದತ್ತಾಂಶ ಸಂಗ್ರಹದ ಕ್ಷೇತ್ರದಲ್ಲಿ ಬಹುಕಾಲ ದುಡಿದವನಾದ್ದರಿಂದ ಈ ಮಾತನ್ನು ಅನುಭವದಿಂದಲೇ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಸಂಸ್ಥೆಯೊಂದರಲ್ಲಿ ಭಾನುವಾರ ವಿದ್ಯುತ್ ದುರಸ್ತಿ ನಿಗದಿಯಾಗಿತ್ತು. ಅಲ್ಲಿನ ಪ್ರತಿಯೊಂದು ದಾಖಲೆಯೂ ಮೂರು ಸರ್ವರ್‌ಗಳಲ್ಲಿ ಮೂರು ಪ್ರತಿಯಾಗಿ ಇರುತ್ತಿತ್ತು. ‘ಮೂರು ಕಾಪಿ ಇದೆಯಲ್ಲ ಸಾರ್, ಏನೂ ಆಗಲ್ಲ’ ಎಂದು ಧೈರ್ಯ ಹೇಳಿದ ಹುಡುಗ ಒಂದೊಂದನ್ನೇ ಆರಿಸಿದ. ಸಂಜೆ, ಮೊದಲು ಆರಿಸಿದ್ದನ್ನೇ ಮೊದಲು ಚಾಲೂ ಮಾಡಿದ. ಅದು ಉಳಿದೆರಡು ಸರ್ವರ್‌ಗಳಿಗಾಗಿ ಕಾಯುತ್ತ ಕುಳಿತಿತು. ಕೆಟ್ಟು ನಿಂತಿದೆಯೆಂದು ಭಾವಿಸಿದ ಆತ ಅದೊಂದನ್ನೇ ಬಲವಂತವಾಗಿ ಕೆಲಸಕ್ಕೆ ಹಚ್ಚಿದ. ಅದರ ಬಳಿ ಇದ್ದುದಾದರೋ ಹಳೆಯ ಲೆಕ್ಕ. ಅದು ಆರಿದ ಬಳಿಕವೂ ಉಳಿದೆರಡರಲ್ಲಿ ನಲವತ್ತು ನಿಮಿಷ ವ್ಯವಹಾರ ನಡೆದಿತ್ತು. ಹೀಗೆ ಒಂದೇ ಖಾತೆಗೆ ಎರಡು ಲೆಕ್ಕಗಳು ಹುಟ್ಟಿಕೊಂಡವು. ಅವನ್ನು ಹೊಂದಿಸಲು ನಮಗೆ ನಾಲ್ಕು ದಿನ ಹಿಡಿಯಿತು. ಕೊನೆಯಲ್ಲಿ ಮಲಗಿದ್ದನ್ನು ಮೊದಲು ಎಬ್ಬಿಸಬೇಕು ಎಂಬ ಒಂದು ಸಾಲನ್ನು ಯಾರೂ ಎಲ್ಲಿಯೂ ಬರೆದಿಟ್ಟಿರಲಿಲ್ಲ. ಆ ಹುಡುಗನನ್ನು ನಾನು ಈಗಲೂ ದೂರುವುದಿಲ್ಲ.

ಇಂಥ ವ್ಯವಸ್ಥೆ ಬಹುಮತದಿಂದ ನಡೆಯುತ್ತದೆ. ಮೂರರಲ್ಲಿ ಎರಡು ಒಪ್ಪಿದ್ದೇ ಸತ್ಯ, ಒಂಟಿಯಾದದ್ದು ಸುಮ್ಮನಿರಬೇಕು. ಅಲ್ಲದೆ, ಮುನ್ಸೂಚನೆ ಕೊಡದೆ ಒಂದನ್ನು ಆರಿಸಿದರೆ ಅದು ಸತ್ತಿತೆಂದೇ ಉಳಿದವು ಬಗೆದು, ಸ್ವಲ್ಪ ಹೊತ್ತಿನಲ್ಲೇ ಅದರ ಪಾಲಿನ ದತ್ತಾಂಶವನ್ನು ಬೇರೆಡೆ ನಕಲು ಮಾಡತೊಡಗುತ್ತವೆ. ಆದ್ದರಿಂದಲೇ ಸೆಫ್‌ನಂಥ ತಂತ್ರಾಂಶದಲ್ಲಿ, ‘ಇದು ಸಾವಲ್ಲ, ವಿಶ್ರಾಂತಿ’ ಎಂದು ಮೊದಲೇ ತಿಳಿಸಲು ‘ನೋಔಟ್’ ಎಂಬ ಸೂಚನೆಯೊಂದಿದೆ. ದುರಸ್ತಿ ಮುಗಿದ ಮೇಲೆ ಅದನ್ನು ತೆಗೆಯಲು ಮರೆಯುವವರೂ ಉಂಟು, ಆ ಮಾತು ಬೇರೆ.

ಹಠಾತ್ತನೆ ಕರೆಂಟು ಹೋದಾಗಿನ ಅಪಾಯ ಬೇರೆಯೇ ಬಗೆಯದು. ‘ಬರೆದಾಯಿತು’ ಎಂದು ಡಿಸ್ಕ್ ಹೇಳಿದ್ದು ಇನ್ನೂ ತಾತ್ಕಾಲಿಕ ಸ್ಮೃತಿಯಲ್ಲೇ ಇರಬಹುದು. 2015ರ ಆಗಸ್ಟ್‌ನಲ್ಲಿ ಬೆಲ್ಜಿಯಂನಲ್ಲಿ ಗೂಗಲ್ ಕೇಂದ್ರಕ್ಕೆ ವಿದ್ಯುತ್ ಒದಗಿಸುವ ಜಾಲಕ್ಕೆ ಸಾಲಾಗಿ ನಾಲ್ಕು ಸಿಡಿಲು ಬಡಿದವು. ಬ್ಯಾಟರಿಗಳಿದ್ದರೂ ಆಗಷ್ಟೇ ಬರೆದ ದತ್ತಾಂಶದಲ್ಲಿ ಕೊಂಚ ಶಾಶ್ವತವಾಗಿ ಅಳಿಯಿತು. ಅಲ್ಲಿನ ಸಂಗ್ರಹದಲ್ಲಿ ಅದು ಶೇ 0.000001 ಮಾತ್ರವೆಂದು ಕಂಪೆನಿ ಹೇಳಿತು. ಅಲ್ಪವೇ ಸರಿ; ಆದರೆ ಅಷ್ಟು ಎಚ್ಚರವಿರುವವರಿಗೇ ಹೀಗಾಯಿತು.

ಕರೆಂಟು ಹೋಗುವುದಕ್ಕಿಂತ ಅದು ಮರಳಿ ಬರುವ ರೀತಿಯೇ ಕೆಲವೊಮ್ಮೆ ಹೆಚ್ಚು ಹಾನಿಕರ. 2017ರ ಮೇ ತಿಂಗಳಲ್ಲಿ ಬ್ರಿಟಿಷ್ ಏರ್‌ವೇಸ್‌ನ ದತ್ತಾಂಶ ಕೇಂದ್ರದಲ್ಲಿ ತಪ್ಪಿಹೋದ ವಿದ್ಯುತ್ತನ್ನು ಕ್ರಮವಿಲ್ಲದೆ ಮರಳಿ ಹರಿಸಿದ್ದರಿಂದ ಉಪಕರಣಗಳೇ ಕೆಟ್ಟವು. ಸುಮಾರು 75,000 ಪ್ರಯಾಣಿಕರು ಪರದಾಡಿದರು.

ಎಲ್ಲಕ್ಕಿಂತ ಕಳವಳಕಾರಿಯಾದದ್ದು ದಕ್ಷಿಣ ಕೊರಿಯಾದ ಪ್ರಕರಣ. 2025ರ ಸೆಪ್ಟೆಂಬರ್ 26ರಂದು ಡೇಜಾನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ, ಯುಪಿಎಸ್ ಬ್ಯಾಟರಿಗಳನ್ನು ಸ್ಥಳಾಂತರಿಸುವ ಕೆಲಸದ ವೇಳೆ ಬೆಂಕಿ ಹೊತ್ತಿಕೊಂಡಿತು. 600ಕ್ಕೂ ಹೆಚ್ಚು ಸರ್ಕಾರಿ ವ್ಯವಸ್ಥೆಗಳು ನಿಂತವು. ನೌಕರರು ಕಡತಗಳನ್ನಿಡುತ್ತಿದ್ದ 858 ಟೆರಾಬೈಟ್‌ಗಳ ‘ಜಿ-ಡ್ರೈವ್’ ಸುಟ್ಟುಹೋಯಿತು. ಅದಕ್ಕೆ ಹೊರಗೆಲ್ಲೂ ಬ್ಯಾಕಪ್ ಇರಲಿಲ್ಲ. ಒಂದೇ ಕಟ್ಟಡದಲ್ಲಿ, ಒಂದೇ ಯುಪಿಎಸ್ ಹಿಂದೆ ಎಷ್ಟು ಪ್ರತಿಗಳನ್ನಿಟ್ಟರೂ ವಿಪತ್ತಿನ ಪಾಲಿಗೆ ಅದೆಲ್ಲ ಒಂದೇ ಪ್ರತಿ.

ಕೈಬರಹದ ಪಹಣಿಯನ್ನು ‘ಭೂಮಿ’ ಯೋಜನೆಯ ಮೂಲಕ ಗಣಕಕ್ಕೆ ಒಯ್ದ ರಾಜ್ಯ ನಮ್ಮದು. ಹಳೆಯ ಪುಸ್ತಕವನ್ನು ತೆರೆದು ನೋಡುವ ದಾರಿ ಈಗ ರೈತನಿಗಿಲ್ಲ. ಹಾಗಿರುವಾಗ ಸರ್ಕಾರದ ಟೆಂಡರುಗಳಲ್ಲಿ ‘ಮೂರು ಪ್ರತಿಗಳಿರತಕ್ಕದ್ದು’ ಎಂದು ಬರೆದರಷ್ಟೇ ಸಾಲದು. ಪ್ರತಿಗಳು ಯಾವ ಯಾವ ಫೀಡರಿನ ಮೇಲಿವೆ, ಆರಿಸುವ ಮತ್ತು ಎಬ್ಬಿಸುವ ಕ್ರಮವೇನು, ನಿಯಂತ್ರಿತವಾಗಿ ವಿದ್ಯುತ್ ಕಡಿದು ಪರೀಕ್ಷಿಸಿದ್ದು ಕೊನೆಯ ಬಾರಿ ಯಾವಾಗ ಎಂದು ಕೇಳಬೇಕು. ಅದರ ಉತ್ತರವನ್ನು ಕಾಗದದ ಮೇಲೆ ಮುದ್ರಿಸಿ ಸರ್ವರ್ ಕೋಣೆಯ ಬಾಗಿಲಿಗೆ ಅಂಟಿಸಬೇಕು. ಏಕೆಂದರೆ ಕರೆಂಟು ಹೋದಾಗ ಸರ್ವರಿನೊಳಗಿರುವ ಕೈಪಿಡಿಯನ್ನು ಓದಲಾಗದು.